ರೋಮಿನ ಎರಡು ಕಾರಂಜಿಗಳು

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯನ್ನು ಕಂಡವರಿಗೆ ಜನಸಾಗರವೆಂದರೇನೆಂದು ವಿವರಿಸಬೇಕಾಗಿಲ್ಲ. ತುಂಗಭದ್ರೆಯ ತೀರದ ಆ ಪುಟ್ಟ ಊರಿಗೆ ಲಕ್ಷಾಂತರ ಜನ ಬಂದು ಸೇರುತ್ತಾರೆ. ಡೆಂಕನಮರಡಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕ ನುಡಿಯುವ ಗಳಿಗೆಯಲ್ಲಿ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಸೀಮೆಯ ಕ್ರೈಸ್ತ ಕುಟುಂಬದವರಾದ ನಾವು ನೆರೆಹೊರೆಯವರೊಡನೆ ಈ ಜಾತ್ರೆಯನ್ನು ನೋಡುತ್ತಲೇ ಬೆಳೆದವರು. 72 ವರ್ಷದ ನಮ್ಮ ತಾಯಿಯವರು ಅಲ್ಲಿ ಒಮ್ಮೆಯೂ ತಪ್ಪಿಸಿಕೊಂಡವರಲ್ಲ. ಅವರು ತಪ್ಪಿಸಿಕೊಂಡದ್ದು ರೋಮ್ ನಗರದಲ್ಲಿ. ಅದೂ ನನ್ನ ತಪ್ಪಿನಿಂದ.

2024ರ ಡಿಸೆಂಬರ್ 24ರಂದು ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ತೆರೆಯುವುದರೊಂದಿಗೆ ಆರಂಭವಾದ ಜುಬಿಲಿ ವರ್ಷವು 2026ರ ಜನವರಿ 6ರಂದು ಮುಕ್ತಾಯಗೊಂಡಿತು. ಆ ಅವಧಿಯಲ್ಲಿ ಲೋಕದ ನಾನಾ ಕಡೆಗಳಿಂದ ಯಾತ್ರಿಕರು ರೋಮಿಗೆ ಬಂದರು. 2025ರ ಅಕ್ಟೋಬರ್‌ನಲ್ಲಿ ಹೊರಟ ಒಂದು ಸಣ್ಣ ತಂಡದಲ್ಲಿ ನಾನೂ ನನ್ನ ತಾಯಿಯವರೂ ಇದ್ದೆವು. ಜುಬಿಲಿ ಮುಗಿದರೂ ರೋಮ್ ಯಾತ್ರೆ ಮುಗಿಯುವಂಥದ್ದಲ್ಲ. ಮುಂದೆ ಹೋಗುವ ಕುಟುಂಬಗಳಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನೋಡಲೇಬೇಕಾದವು

ರೋಮಿನಲ್ಲಿ ನಾಲ್ಕು ಮಹಾದೇವಾಲಯಗಳಿವೆ. ಸಂತ ಪೇತ್ರರ ದೇವಾಲಯವೇ ಜಗದ್ಗುರುಗಳ ಪ್ರಧಾನಾಲಯವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ರೋಮಿನ ಧರ್ಮಾಧ್ಯಕ್ಷರಾಗಿ ಅವರ ಪ್ರಧಾನಾಲಯವು ಲ್ಯಾಟರನ್‌ನಲ್ಲಿರುವ ಸಂತ ಯೊವಾನ್ನರ ಮಹಾದೇವಾಲಯ. ಅದರ ಸಮೀಪದಲ್ಲೇ ಪವಿತ್ರ ಸೋಪಾನವಿದೆ. ಪಿಲಾತನ ಅರಮನೆಯಲ್ಲಿ ಪ್ರಭು ಯೇಸು ಹತ್ತಿದ ಮೆಟ್ಟಿಲುಗಳಿವೆಂದು ಪರಂಪರೆಯು ನಂಬುವ ಈ 28 ಮೆಟ್ಟಿಲುಗಳನ್ನು ಭಕ್ತರು ಮೊಣಕಾಲೂರಿ ಏರುತ್ತಾರೆ. ಮಾತೆ ಮರಿಯಮ್ಮನವರ ಮಹಾದೇವಾಲಯದಲ್ಲಿ, 2025ರ ಏಪ್ರಿಲ್ 21ರಂದು ದಿವಂಗತರಾದ ಪೋಪ್ ಫ್ರಾನ್ಸಿಸರ ಸಮಾಧಿಯಿದೆ. ಲ್ಯಾಟಿನ್ ಭಾಷೆಯಲ್ಲಿ ಅವರ ಹೆಸರನ್ನು ಮಾತ್ರ ಕೆತ್ತಿರುವ ಆ ಸರಳ ಕಲ್ಲು ಯಾತ್ರಿಕರ ಮನಸ್ಸನ್ನು ಕಲಕುತ್ತದೆ. ನಾಲ್ಕನೆಯದು ನಗರದ ಹಳೆಯ ಗೋಡೆಯಾಚೆಗಿರುವ ಸಂತ ಪೌಲರ ಮಹಾದೇವಾಲಯ.

ಪ್ರವಾಸಿಗರ ಪಟ್ಟಿಗಳಲ್ಲಿ ಅಷ್ಟಾಗಿ ಕಾಣದ ಒಂದು ಸ್ಥಳವನ್ನು ನಮ್ಮವರು ತಪ್ಪಿಸಿಕೊಳ್ಳಬಾರದು. ಅದು ಜೆಸುವಿಟರ ಜೆಸು ದೇವಾಲಯ. ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರವಿದೆಯಷ್ಟೆ. ಅದರಿಂದ 1614ರಲ್ಲಿ ಬೇರ್ಪಡಿಸಿ ರೋಮಿಗೆ ಕಳುಹಿಸಿದ ಬಲ ಮುಂಗೈಯನ್ನು ಈ ದೇವಾಲಯದಲ್ಲಿ ಇರಿಸಲಾಗಿದೆ. ಗೋವೆಯ ದರ್ಶನ ಪಡೆದಿದ್ದ ನಮ್ಮ ತಾಯಿಯವರು ಆ ಕೈಯ ಮುಂದೆ ಬಹಳ ಹೊತ್ತು ನಿಂತರು. ದೂರದೇಶದಲ್ಲಿ ಪರಿಚಿತರೊಬ್ಬರನ್ನು ಕಂಡಂತಾಯಿತು ಎಂದರು.

ಕಾರಂಜಿಯ ಬಳಿ

ಜಗದ್ಗುರುಗಳು ರೋಮಿನಲ್ಲಿದ್ದರೆ ಸಾಮಾನ್ಯವಾಗಿ ಬುಧವಾರಗಳಂದು ಯಾತ್ರಿಕರಿಗೆ ಸಾರ್ವಜನಿಕ ಸಂದರ್ಶನ ನೀಡುತ್ತಾರೆ. ಇದರ ಪ್ರವೇಶಪತ್ರಕ್ಕೆ ಹಣ ಕೊಡಬೇಕಾಗಿಲ್ಲ. ಕೇಳುವವರಿದ್ದರೆ ಅವರನ್ನು ನಂಬಬೇಡಿ. ಅಂದು ಸಂತ ಪೇತ್ರರ ಚೌಕ ಕಿಕ್ಕಿರಿದಿತ್ತು. ಪೋಪ್ 14ನೇ ಲಿಯೋ ಅವರ ವಾಹನವು ಜನರ ನಡುವೆ ಬರುತ್ತಿದೆ ಎಂಬ ಸದ್ದಾದೊಡನೆ ಭಾವಚಿತ್ರ ತೆಗೆಯುವ ಆಸೆ ನನ್ನನ್ನು ಹಿಡಿಯಿತು. "ಅವ್ವಾ, ಕಾರಂಜಿ ಹತ್ರ ನಿಂತಿರು, ಈಗ ಬಂದೆ" ಎಂದು ಹೇಳಿ ಮುಂದಕ್ಕೆ ನುಗ್ಗಿದೆ.

ಭಾವಚಿತ್ರವೇನೋ ದೊರೆಯಿತು. ಸಂದರ್ಶನ ಮುಗಿದು ಜನ ಕರಗತೊಡಗಿದಾಗ ಕಾರಂಜಿಯ ಬಳಿಗೆ ಬಂದರೆ ತಾಯಿಯವರಿರಲಿಲ್ಲ. ಅವರ ಮೊಬೈಲ್ ಫೋನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅವರ ರಕ್ತದೊತ್ತಡದ ಮಾತ್ರೆಗಳು ನನ್ನ ಚೀಲದಲ್ಲಿದ್ದವು. ಕನ್ನಡದ ಹೊರತು ಅವರಿಗೆ ಬೇರೆ ಭಾಷೆ ಬಾರದು. ಅರ್ಧ ಗಂಟೆ, ಮುಕ್ಕಾಲು ಗಂಟೆ ಕಳೆಯಿತು. ದೇವಾಲಯದೊಳಗೆ, ಕಂಬಸಾಲಿನ ನೆರಳಿನಲ್ಲಿ, ಕಾವಲುಗಾರರ ಬಳಿ ಎಲ್ಲೆಡೆ ಹುಡುಕಿದೆವು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಹೊರಟ ಜಪಕ್ಕೆ ಲೆಕ್ಕವಿಲ್ಲ.

ಕೊನೆಗೆ ನನ್ನ ಫೋನು ಮೊಳಗಿತು. ಕೇರಳದ ಧರ್ಮಭಗಿನಿಯೊಬ್ಬರು ಸೀರೆಯುಟ್ಟ ವೃದ್ಧೆಯನ್ನು ಗುರುತಿಸಿ ಮಾತನಾಡಿಸಿದ್ದರು. ಭಾಷೆ ತಿಳಿಯದಿದ್ದರೂ ತಾಯಿಯವರು ತಮ್ಮ ಸೊಂಟದ ಸಂಚಿಯಿಂದ ಚೀಟಿಯೊಂದನ್ನು ತೆಗೆದು ಕೊಟ್ಟಿದ್ದರು. ಹೊರಡುವ ಮುನ್ನ ನಮ್ಮ ವಿಚಾರಣಾ ಗುರುಗಳು ಪ್ರತಿಯೊಬ್ಬರ ಕೈಗೂ ದೂರವಾಣಿ ಸಂಖ್ಯೆ ಹಾಗೂ ತಂಗುವ ಸ್ಥಳದ ವಿಳಾಸ ಬರೆದ ಚೀಟಿ ಕೊಟ್ಟಿದ್ದರು. ಇದೇಕೆ ಎಂದು ಅಂದು ನಾನು ನಕ್ಕಿದ್ದೆ.

ತಾಯಿಯವರು ಕಾರಂಜಿಯ ಬಳಿಯೇ ಇದ್ದರು! ಆ ಚೌಕದಲ್ಲಿ ಕಾರಂಜಿಗಳು ಎರಡು. ಒಂದನ್ನು ಹೋಲುವಂತೆ ಇನ್ನೊಂದನ್ನು ಕಟ್ಟಿದ್ದಾರೆ. ನಡುವೆ ಈಜಿಪ್ಟಿನಿಂದ ತಂದ ಎತ್ತರದ ಶಿಲಾಸ್ತಂಭವಿದೆ. ಹೊರಬರುವ ಆತುರದಲ್ಲಿ ನಾನು ಎಡಬಲ ಮರೆತು ಮತ್ತೊಂದರ ಬಳಿ ಕಾಯುತ್ತಿದ್ದೆ. ನಾನು ಅಳುಮೋರೆಯಿಂದ ಓಡಿಹೋದಾಗ ತಾಯಿಯವರು ಶಾಂತವಾಗಿ ಹೇಳಿದರು: "ನಾ ನಿಂತ ಜಾಗ ಬಿಟ್ಟು ಕದಲಿಲ್ಲಪ್ಪ. ತಪ್ಪಿಸಿಕೊಂಡವನು ನೀನು." ತಪ್ಪಿಸಿಕೊಂಡವರು ನಿಂತಲ್ಲೇ ನಿಲ್ಲಬೇಕು, ಹುಡುಕುವವರು ತಿರುಗಬೇಕು ಎಂಬುದು ಅವರು ಮೈಲಾರದ ಜಾತ್ರೆಯಲ್ಲಿ ಕಲಿತ ಪಾಠ.

ಇತರ ಎಡವಟ್ಟುಗಳು

ನಮ್ಮ ತಂಡದ ತರುಣನೊಬ್ಬನು ಮೊಣಕಾಲ ಮೇಲಿನ ಚಡ್ಡಿ ಧರಿಸಿ ಬಂದು ದೇವಾಲಯದ ಬಾಗಿಲಿನಿಂದ ಹಿಂದಿರುಗಬೇಕಾಯಿತು. ಭುಜ ಹಾಗೂ ಮೊಣಕಾಲು ಮುಚ್ಚುವ ಉಡುಪು ಅಲ್ಲಿ ಕಡ್ಡಾಯ. ಮತ್ತೊಬ್ಬರು ಕಿಕ್ಕಿರಿದ ಬಸ್ಸಿನಲ್ಲಿ ಹಣದ ಚೀಲ ಕಳೆದುಕೊಂಡರು. ಟರ್ಮಿನಿ ರೈಲುನಿಲ್ದಾಣದ ಸುತ್ತಲೂ ವ್ಯಾಟಿಕನ್ ಕಡೆಗೆ ಹೋಗುವ ಬಸ್ಸುಗಳಲ್ಲೂ ಕಿಸೆಗಳ್ಳರ ಕಾಟವಿದೆ. ಪಾಸ್‌ಪೋರ್ಟಿನ ನಕಲನ್ನು ಬೇರೆ ಕಡೆ ಇರಿಸಿಕೊಳ್ಳಿ. ಮೂಲಪ್ರತಿ ಕಳೆದರೆ ಪೊಲೀಸರಲ್ಲಿ ದೂರು ದಾಖಲಿಸಿ ರೋಮಿನ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ತುರ್ತು ಸಹಾಯಕ್ಕೆ 112.

ಬಸ್ಸಿನ ಕಾಗದದ ಟಿಕೇಟು ಕೊಂಡರೆ ಸಾಲದು, ಹತ್ತಿದೊಡನೆ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಇಲ್ಲವಾದರೆ ದಂಡ ತೆರಬೇಕಾದೀತು. ನೀರಿಗೆ ಹಣ ಚೆಲ್ಲಬೇಡಿ, ಬೀದಿಬೀದಿಯಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ. ಸಂತ ಪೇತ್ರರ ಗೋಪುರಕ್ಕೆ 551 ಮೆಟ್ಟಿಲುಗಳು. ಲಿಫ್ಟಿನಲ್ಲಿ ಹೋದರೂ 320 ಮೆಟ್ಟಿಲುಗಳನ್ನು ಹತ್ತಲೇಬೇಕಾದ್ದರಿಂದ ಹಿರಿಯರನ್ನು ಒತ್ತಾಯಿಸಬೇಡಿ. ವ್ಯಾಟಿಕನ್ ವಸ್ತುಸಂಗ್ರಹಾಲಯದ ಟಿಕೇಟನ್ನು ಮುಂಗಡವಾಗಿ ಪಡೆಯಿರಿ. ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟರೆ ಭಾನುವಾರಗಳಂದು ಅದು ಮುಚ್ಚಿರುತ್ತದೆ. ವೀಸಾ ಅರ್ಜಿಯನ್ನು ಆರು ತಿಂಗಳ ಮುಂಚಿನಿಂದ ಸಲ್ಲಿಸಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು.

ಕಾರಂಜಿಯ ಪ್ರಸಂಗದ ನಂತರ ನಾವು ಮರುದಿನದ ಪಟ್ಟಿಯಿಂದ ಎರಡು ಸ್ಥಳಗಳನ್ನು ಕೈಬಿಟ್ಟೆವು. ತಾಯಿಯವರ ನಡಿಗೆಯ ವೇಗದಲ್ಲೇ ನಡೆದೆವು. ಆ ದಿನ ಕಂಡಷ್ಟನ್ನು ನಾವು ಹಿಂದಿನ ಯಾವ ದಿನವೂ ಕಂಡಿರಲಿಲ್ಲ. ಆದ್ದರಿಂದ ಹಿರಿಯರನ್ನು ಕರೆದೊಯ್ಯುವವರಲ್ಲಿ ನನ್ನ ವಿನಂತಿ ಇಷ್ಟೇ: ಅವರ ಔಷಧ ಅವರ ಬಳಿಯೇ ಇರಲಿ, ವಿಳಾಸದ ಚೀಟಿ ಸಂಚಿಯಲ್ಲಿರಲಿ. ಸೇರಬೇಕಾದ ಜಾಗವನ್ನು ಹೇಳುವಾಗ, ಅಂಥದ್ದು ಅಲ್ಲಿ ಒಂದೇ ಇದೆಯೇ ಎಂದು ತಿರುಗಿ ನೋಡಿ ಹೇಳಿ. ಭಾವಚಿತ್ರಕ್ಕಾಗಿ ಅವರ ಕೈ ಬಿಡಬೇಡಿ.