ಕುಂದ್ರಾಕ ಆಗವಲ್ದು ಅಂತ ಹೇಳೋಕೆ ಮೂರು ತಿಂಗಳು ಬೇಕಾಯ್ತು

ಫಸ್ಟ್ ಇಯರ್ ಎರಡನೇ ಸೆಮ್ ಇಂಟರ್ನಲ್ಸ್ ನಡೀತಿತ್ತು. ಒಂದು ದಿನ ಹಾಸ್ಟೆಲ್ ಟಾಯ್ಲೆಟ್‌ನಲ್ಲಿ ರಕ್ತ ನೋಡಿದೆ. ಗಾಬರಿ ಆಯ್ತು, ಆದರೆ ಗಾಬರಿಗಿಂತ ನಾಚಿಕೆಯೇ ಜಾಸ್ತಿ. ರೂಮ್‌ಮೇಟ್‌ಗೂ ಹೇಳಲಿಲ್ಲ, ಅವ್ವಗೂ ಹೇಳಲಿಲ್ಲ. ಮೂರು ತಿಂಗಳು ಬರೀ ಕಪ್ಪು ಪ್ಯಾಂಟ್ ಹಾಕಿದೆ, ಲಾಸ್ಟ್ ಬೆಂಚ್ ಹಿಡಿದೆ, ಕ್ರಿಕೆಟ್ ಬಿಟ್ಟೆ. "ಯಾಕಲೇ, ಕುಂದ್ರಾಕ ಆಗವಲ್ದೇನು?" ಅಂತ ಫ್ರೆಂಡ್ಸ್ ನಕ್ಕರೆ ನಾನೂ ನಕ್ಕು ಸುಮ್ಮನಾಗ್ತಿದ್ದೆ.

ನಮ್ಮೂರು ಕುಷ್ಟಗಿ. ನಮ್ಮ ಕಡೆ ಮೂಲವ್ಯಾಧಿ ಬಗ್ಗೆ ಯಾರೂ ಬಾಯಿ ಬಿಡಲ್ಲ. ಅದರ ಬಗ್ಗೆ ಮಾತಾಡೋದು ಬಸ್‌ಸ್ಟ್ಯಾಂಡ್ ಹತ್ತಿರದ ಗೋಡೆಗಳು ಮಾತ್ರ: ಆಪರೇಷನ್ ಇಲ್ಲ, ನೋವಿಲ್ಲ, ಒಂದೇ ಇಂಜೆಕ್ಷನ್! ಯಲಬುರ್ಗಾದ ನಮ್ಮ ಕಾಕಾ ಅಂಥ ಒಂದು ಕಡೆ ಗುಟ್ಟಾಗಿ ಹೋಗಿ ಚುಚ್ಚಿಸಿಕೊಂಡರು. ಯಾವ ಔಷಧಿ ಅಂತ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಆ ಜಾಗ ಹುಣ್ಣಾಗಿ, ಮಾಯ್ದ ಮೇಲೆ ದಾರಿಯೇ ಕಿರಿದಾಯ್ತು. ಆಮೇಲೆ ದೊಡ್ಡ ಆಪರೇಷನ್ನೇ ಆಯ್ತು. ಕಾಕಾನ್ನ ಅಲ್ಲಿಗೆ ಕಳಿಸಿದ್ದು ರೋಗಕ್ಕಿಂತ ಹೆಚ್ಚಾಗಿ ನಾಚಿಕೆ ಅಂತ ನನಗೆ ಅನ್ಸುತ್ತೆ.

ಅದು ಏನು?

ಗುದದ್ವಾರದ ಒಳಗೆ ರಕ್ತನಾಳಗಳಿರುವ ಮೆತ್ತನೆಯ ದಿಂಬುಗಳಿವೆ. ನಿಮಗೂ ಇವೆ, ನನಗೂ ಇವೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅವು ಗ್ಯಾಸ್ಕೆಟ್ ಇದ್ದ ಹಾಗೆ, ಲೀಕ್ ಆಗದಂತೆ ತಡೆಯುತ್ತವೆ. ಮಲ ಗಟ್ಟಿಯಾಗಿ ತಿಣುಕಿ ತಿಣುಕಿ ಅವು ಊದಿಕೊಂಡು ಕೆಳಗೆ ಜಾರಿದರೆ ಅದೇ ಮೂಲವ್ಯಾಧಿ. ಗರ್ಭಿಣಿಯರಲ್ಲಿ, ಹೆರಿಗೆ ನಂತರವೂ ಇದು ಸಾಮಾನ್ಯ. ಹೊಲಸು ರೋಗ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡೋದೂ ಇಲ್ಲ.

ಎಲ್ಲಾ ನೋವೂ ಮೂಲವ್ಯಾಧಿ ಅಲ್ಲ. ಚಾಕುವಿನಿಂದ ಕೊಯ್ದಂಥ ನೋವಿದ್ದರೆ ಅದು ಫಿಶರ್ ಇರಬಹುದು. ಪಕ್ಕದಲ್ಲಿ ತೂತಾಗಿ ಕೀವು ಬರುತ್ತಿದ್ದರೆ ಭಗಂದರ ಇರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಮೊದಲು ಗ್ರೇಡ್ ಕೇಳಿ

ಕೊನೆಗೆ ನಾನು ಸರ್ಕಾರಿ ಆಸ್ಪತ್ರೆಯ ಸರ್ಜರಿ ಓಪಿಡಿಗೆ ಹೋದೆ. "ನಾಚ್ಕೋಬ್ಯಾಡ ತಮ್ಮಾ, ದಿನಾ ನೋಡ್ತೀವಿ" ಅಂದ್ರು ಡಾಕ್ಟರ್. ಪರೀಕ್ಷೆ ಎರಡು ಮೂರು ನಿಮಿಷದಲ್ಲಿ ಮುಗೀತು. ಒಳಗಿನ ಮೂಲವ್ಯಾಧಿಯಲ್ಲಿ ನಾಲ್ಕು ಗ್ರೇಡ್ ಇವೆ:

1: ರಕ್ತ ಬರಬಹುದು, ಗಡ್ಡೆ ಹೊರಗೆ ಬರಲ್ಲ.
2: ತಿಣುಕಿದಾಗ ಹೊರಬಂದು ತಾನೇ ಒಳಗೆ ಹೋಗುತ್ತೆ.
3: ಬೆರಳಿನಿಂದ ಒಳಗೆ ತಳ್ಳಬೇಕು.
4: ತಳ್ಳಿದರೂ ಹೋಗಲ್ಲ.

ನನ್ನದು ಗ್ರೇಡ್ 1. ನಾರಿನಂಶದ ಊಟ, ನೀರು, ಇಸಬ್‌ಗೋಲ್, ದಿನಕ್ಕೆ ಎರಡು ಸಲ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ ಕೂರೋದು, ಇಷ್ಟೇ. ಇದರಿಂದ ಕಡಿಮೆ ಆಗದಿದ್ದರೆ ಗ್ರೇಡ್ 2ರಲ್ಲಿ, ಕೆಲವು ಸಲ 3ರಲ್ಲೂ, ಸಣ್ಣ ರಬ್ಬರ್ ಬ್ಯಾಂಡ್ ಹಾಕ್ತಾರೆ. ರಕ್ತ ಸಿಗದೆ ಗಡ್ಡೆ ಒಣಗಿ ಉದುರುತ್ತೆ, ಅಡ್ಮಿಟ್ ಆಗೋದು ಸಾಮಾನ್ಯವಾಗಿ ಬೇಕಿಲ್ಲ. ದೊಡ್ಡದಾದರೆ ಆಪರೇಷನ್: ಕೆಲವು ವಾರ ನೋವಿರುತ್ತೆ, ಆದರೆ ಮರುಕಳಿಸೋದು ಕಡಿಮೆ. ಲೇಸರ್‌ನಲ್ಲಿ ನೋವು ಕಡಿಮೆ, ಆದರೆ ಮತ್ತೆ ಬರಲ್ಲ ಅನ್ನೋ ಗ್ಯಾರಂಟಿ ಇಲ್ಲ. ಹಾಗಾಗಿ "ಲೇಸರ್ ಎಷ್ಟು?" ಅಂತ ಕೇಳೋ ಮುಂಚೆ "ಯಾವ ಗ್ರೇಡ್?" ಅಂತ ಕೇಳಿ. ಇಂಜೆಕ್ಷನ್ ಚಿಕಿತ್ಸೆಯೂ ನಿಜವಾಗಿ ಇದೆ. ಆದರೆ ಕೊಡೋರು ಯಾರು, ಔಷಧಿ ಯಾವುದು ಅಂತ ಗೊತ್ತಿರಬೇಕು.

ರೊಟ್ಟಿ, ಅನ್ನ, ಮೊಬೈಲ್

"ಮೈಯಾಗ ಉಷ್ಣ ಆಗೇದ, ಮಿರ್ಚಿ ಬಿಡು" ಅಂತಾರೆ ಮನೇಲಿ. ಖಾರದಿಂದ ಉರಿ ಹೆಚ್ಚಬಹುದು, ಆದರೆ ಮುಖ್ಯ ಸಮಸ್ಯೆ ಗಟ್ಟಿ ಮಲ. ಗಂಗಾವತಿ ಭತ್ತದ ಕಣಜ, ನಮ್ಮ ಹಾಸ್ಟೆಲಲ್ಲೂ ಮೂರು ಹೊತ್ತು ಬಿಳಿ ಅನ್ನವೇ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಜೋಳದಲ್ಲಿ ಸುಮಾರು 10 ಗ್ರಾಂ. ದಿನಕ್ಕೆ 25ರಿಂದ 30 ಗ್ರಾಂ ಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಜೋಳದ ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು ಇದ್ರೆ ಅರ್ಧ ಕೆಲಸ ಆದಂಗೆ.

ಇನ್ನೊಂದು ತಪ್ಪು ನಮ್ಮೆಲ್ಲರದ್ದು. ಅಮೆರಿಕದ ಬಾಸ್ಟನ್‌ನಲ್ಲಿ 125 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ, ಟಾಯ್ಲೆಟ್‌ನಲ್ಲಿ ಫೋನ್ ನೋಡುವವರಿಗೆ ಮೂಲವ್ಯಾಧಿಯ ಅಪಾಯ 46% ಹೆಚ್ಚು ಕಂಡುಬಂತು. ಫೋನೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ. ಆದರೂ ರೀಲ್ಸ್ ಹೊರಗೆ ನೋಡೋಣ.

ಯಾವಾಗ ತಡ ಮಾಡಬಾರದು

ರಕ್ತ ಕಂಡರೆ ಅದು ಪೈಲ್ಸೇ ಅಂತ ನಾವೇ ತೀರ್ಮಾನ ಮಾಡಬಾರದು. ಕಪ್ಪು ಮಲ, ಮಲದ ಜೊತೆ ಬೆರೆತ ರಕ್ತ, ತೂಕ ಇಳಿಯೋದು, ಸುಸ್ತು, ಮಲವಿಸರ್ಜನೆಯ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾಗೋದು, ಇವುಗಳಲ್ಲಿ ಒಂದಿದ್ದರೂ ಬೇಗ ತೋರಿಸಿ. ಕರುಳಿನ ಕ್ಯಾನ್ಸರ್ ಕೂಡ ರಕ್ತದಿಂದಲೇ ಶುರುವಾಗಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇದ್ದಾರಾ ಕೇಳಿ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ.

ರಜೆಯಲ್ಲಿ ಊರಿಗೆ ಹೋದಾಗ ಧೈರ್ಯ ಮಾಡಿ ಅವ್ವನ ಹತ್ತಿರ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಹುಟ್ಟಿದಾಗಿಂದ ನನಗೂ ಐತೆಪಾ" ಅಂದಳು. ಹತ್ತೊಂಬತ್ತು ವರ್ಷ! ಅಪ್ಪಗೂ ಗೊತ್ತಿರಲಿಲ್ಲ. ಮುಂದಿನ ಸೋಮವಾರ ಇಬ್ಬರೂ ಹೋಗಿ ಲೇಡಿ ಡಾಕ್ಟರ್‌ಗೆ ತೋರಿಸಿದ್ವಿ. ಈ ಸಲ ಮನೆಗೆ ಹೋದಾಗ ನಿಮ್ಮ ಅವ್ವನ್ನೂ ಒಂದು ಮಾತು ಕೇಳಿ.