ಅವೇಳೆಯ ಕಂದಾಯ, ಫಸಲಿಯ ಲೆಕ್ಕ

ಕಲಬುರಗಿಯ ಶರಣಬಸವೇಶ್ವರರ ತೇರು ಹೋಳಿ ಹುಣ್ಣಿಮೆ ಕಳೆದು ಐದನೇ ದಿನಕ್ಕೆ ಹೊರಡುತ್ತದೆ. ಬಿಸಿಲು ಏರುವ ಆ ಕಾಲ ಬಿಟ್ಟು ಅದು ಕದಲುವುದಿಲ್ಲ. ಅದೇ ಊರಿನ ಖ್ವಾಜಾ ಬಂದೇ ನವಾಜರ ಉರುಸು ಹಾಗಲ್ಲ. ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲ, ದಿನ ಸುಮಾರು 354. ಹೀಗಾಗಿ ಉರುಸು ವರ್ಷಕ್ಕೆ 11 ದಿನದಂತೆ ಹಿಂದೆ ಸರಿಯುತ್ತ, 33 ವರ್ಷಕ್ಕೊಮ್ಮೆ ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಸುತ್ತಿ ಬರುತ್ತದೆ. ಭಕ್ತರಿಗೆ ಅದೇನೂ ಅಡ್ಡಿಯಲ್ಲ. ಕಂದಾಯದ ಗಡುವು ಹೀಗೆ ಸುತ್ತಿದರೆ ಮಾತ್ರ ರೈತನ ಗತಿ ಕೆಟ್ಟಂತೆ. ತೊಗರಿ ಇನ್ನೂ ಹೂವಿನಲ್ಲಿರುವಾಗ ಹಣ ಕೇಳಿದರೆ ಸಾಹುಕಾರನ ಬಾಗಿಲೇ ಗತಿ. ಕಂದಾಯ ಹೆಚ್ಚಾಯಿತೆಂಬುದಕ್ಕಿಂತ ಅವೇಳೆಗೆ ಬಂತೆಂಬುದೇ ದೊಡ್ಡ ಪೆಟ್ಟು.

ಈ ತೊಡಕು ಬಿಡಿಸಲು ಅಕ್ಬರನ ಕಾಲದಲ್ಲಿ ಹುಟ್ಟಿದ್ದು ಫಸಲಿ ವರ್ಷ. ಹೆಸರೇ ಹೇಳುವಂತೆ ಇದು ಬೆಳೆಯ ಲೆಕ್ಕ. ಅವನು ಪಟ್ಟಕ್ಕೆ ಬಂದ ಹಿಜರಿ 963, ಅಂದರೆ 1556, ಅದರ ಮೊದಲ ಗುರುತು. ಅಲ್ಲಿಂದ ಮುಂದೆ ಎಣಿಕೆ ಸೂರ್ಯನ ಜೊತೆ ನಡೆಯಿತು. ದಖ್ಖನಿನ ಫಸಲಿ ಷಹಜಹಾನನ ಕಾಲದ್ದು, ಹಿಜರಿ 1046ಕ್ಕೆ ಗಂಟು ಹಾಕಿದ್ದು. ಆದ್ದರಿಂದಲೇ ಉತ್ತರದ ಫಸಲಿಗೂ ನಮ್ಮದಕ್ಕೂ ಅಂಕಿ ಕೂಡುವುದಿಲ್ಲ. ಹಿಜರಿಯಂತೂ ಮುಂದೆ ಓಡುತ್ತಲೇ ಹೋಯಿತು. ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್‌ನಲ್ಲಿ ಹಿಜರಿ 1367, ಫಸಲಿ ಇನ್ನೂ 1357.

ಹೈದರಾಬಾದ್ ಸಂಸ್ಥಾನದಲ್ಲಿ ಫಸಲಿ ವರ್ಷ ಅಕ್ಟೋಬರ್ 6ಕ್ಕೆ, ಅಜೂರ್ ತಿಂಗಳಿನಿಂದ ಶುರುವಾಗುತ್ತಿತ್ತು. ಬಹಮನ್, ತೀರ್, ಅಬಾನ್ ಎಂದು ತಿಂಗಳ ಹೆಸರೆಲ್ಲ ಪಾರಸಿ. ಒಳಗಿನ ಬದುಕು ಮಾತ್ರ ಕಪ್ಪುಮಣ್ಣಿನದು. ಚಳಿಗಾಲದ ತೊಗರಿ ರಾಶಿಯೂ ಅದರ ಹಿಂದೆಯೇ ಬರುವ ಹಿಂಗಾರಿ ಜೋಳದ ರಾಶಿಯೂ ಒಂದೇ ವರ್ಷದ ಲೆಕ್ಕಕ್ಕೆ ಬೀಳುತ್ತಿದ್ದವು. ವಸೂಲಿ ಮಾಡುತ್ತಿದ್ದವನು ಮಾಲಿಪಾಟೀಲ; ಆ ಕೆಲಸ ಹೋಗಿ ಅಡ್ಡಹೆಸರು ಉಳಿದಿದೆ. ಕಮಲಾಪುರದ ಕೆಂಪು ಬಾಳೆ ಮಾತ್ರ ಈ ಜಾಣತನಕ್ಕೂ ಸಿಗುವಂಥದ್ದಲ್ಲ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಯಾವ ಪಂಚಾಂಗ ಹಿಡಿದರೂ ಅದು ಎರಡು ವರ್ಷದ ಮೇಲೆ ಕಾಲು ಚಾಚುತ್ತದೆ.

ಸಂಸ್ಥಾನ ಹೋದ ಮೇಲೂ ಫಸಲಿ ಒಮ್ಮೆಲೇ ಹೋಗಲಿಲ್ಲ. 1949ರ ಆಗಸ್ಟ್ 15ರಂದು ಜಾಗೀರುಗಳನ್ನು ರದ್ದುಮಾಡಿದ ಕಾನೂನಿನ ಹೆಸರಿನಲ್ಲೇ 1358 ಫಸಲಿ ಇದೆ. ಸಂಸ್ಥಾನದ ಭೂಕಂದಾಯ ಕಾಯ್ದೆಯದು 1317 ಫಸಲಿ. ಕರ್ನಾಟಕದ 1964ರ ಕಾಯ್ದೆ ಬರುವವರೆಗೂ ಈ ಭಾಗದಲ್ಲಿ ನಡೆದದ್ದು ಅದೇ. ಹಳೆಯ ಉರ್ದು ಕಾಗದ ಹಿಡಿದು ಹೊಲದ ತಕರಾರಿಗೆ ನಿಂತವರು ಇಸವಿ ತಿಳಿಯಲು ಇಂದಿಗೂ ಕೂಡಿಸುವ ಲೆಕ್ಕ ಮಾಡಬೇಕು. ಕಾಗದ ಅಜೂರ್ ತಿಂಗಳದ್ದಾದರೆ 590 ಕೂಡಿಸಬೇಕು, ಜನವರಿ ಹುಟ್ಟಿದ ಮೇಲಿನದಾದರೆ 591. ತಿಂಗಳ ಹೆಸರನ್ನು ಗೆದ್ದಲು ತಿಂದಿದ್ದರೆ ಒಂದು ವರ್ಷ ಹೆಚ್ಚೋ ಕಡಿಮೆಯೋ ಎಂಬ ವಾದ ಶುರುವಾಗುತ್ತದೆ.