ಕಿಡಿಯ ಸರದಿ, ರೋಟರಿನ ದಿಕ್ಕು

ಹಳೆಯ ಅಂಬಾಸಡರ್ ಕಾರಿನ ನಾಲ್ಕು ಪ್ಲಗ್ ವೈರುಗಳನ್ನು ಕಳಚಿ ಮತ್ತೆ ಜೋಡಿಸುವವರಿಗೆ ಎರಡು ಸಂಗತಿ ತಿಳಿದಿರಬೇಕು: ಸಿಲಿಂಡರುಗಳು ಉರಿಯುವ ಸರದಿ ಮತ್ತು ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ತಿರುಗುವ ದಿಕ್ಕು. ಒಂದು ತಪ್ಪಿದರೂ ಗಾಡಿ ನೆಟ್ಟಗೆ ಓಡದು.

2014ರಲ್ಲಿ ತಯಾರಿಕೆ ನಿಂತ ಈ ಕಾರಿನಲ್ಲಿ ಬಹುಕಾಲ ಇದ್ದುದು ಬ್ರಿಟನ್ನಿನ ಬಿ.ಎಂ.ಸಿ. ಕಂಪನಿ ರೂಪಿಸಿದ 1489 ಸಿ.ಸಿ. ಪೆಟ್ರೋಲ್ ಎಂಜಿನ್. ರೇಡಿಯೇಟರ್ ಕಡೆಯದು 1ನೇ ಸಿಲಿಂಡರ್; ಉರಿಯುವ ಸರದಿ 1-3-4-2. ಸಾಲಾಗಿ 1-2-3-4 ಏಕಲ್ಲ? 1 ಮತ್ತು 4ನೇ ಪಿಸ್ಟನ್‌ಗಳು ಒಟ್ಟಿಗೆ ಮೇಲೇರುವಾಗ 2 ಮತ್ತು 3 ಒಟ್ಟಿಗೆ ಕೆಳಗಿಳಿಯುತ್ತವೆ. ಆದ್ದರಿಂದ 1ರ ನಂತರದ ಸರದಿ 2 ಅಥವಾ 3ರದು, ಅದಾದ ಮೇಲೆ 4ರದು. ಹೀಗೆ ಉಳಿಯುವುದು 1-3-4-2, ಇಲ್ಲವೇ 1-2-4-3. ಫೋರ್ಡ್ ಕಂಪನಿ 1908ರಲ್ಲಿ ತಂದ ‘ಮಾಡೆಲ್ ಟಿ’ ಕಾರಿನದು ಎರಡನೆಯ ಸರದಿ.

ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಬರುವಷ್ಟರಲ್ಲಿ ರೋಟರ್ ಒಂದು ಸುತ್ತು ಬಂದು ನಾಲ್ಕೂ ಪ್ಲಗ್‌ಗಳಿಗೆ ಕಿಡಿ ಹಂಚುತ್ತದೆ. ಬಿ.ಎಂ.ಸಿ.ಯ ಈ ಎಂಜಿನ್ನಿನಲ್ಲಿ ಅದು ತಿರುಗುವುದು ಅಪ್ರದಕ್ಷಿಣವಾಗಿ. ವೈರುಗಳನ್ನು ಪ್ರದಕ್ಷಿಣವಾಗಿ ಜೋಡಿಸಿದರೆ ಸರದಿ 1-2-4-3 ಆಗಿಬಿಡುತ್ತದೆ. ಆಗಲೂ 1 ಮತ್ತು 4ಕ್ಕೆ ಸಕಾಲದಲ್ಲೇ ಕಿಡಿ ಸಿಗುತ್ತದೆ. 2 ಮತ್ತು 3ಕ್ಕೆ ಮಾತ್ರ ಹೊತ್ತು ತಪ್ಪುತ್ತದೆ. ಎಂಜಿನ್ ಪೂರಾ ನಿಲ್ಲದೆ ಕುಂಟುತ್ತದೆ, ಕೆಲವೊಮ್ಮೆ ಕಾರ್ಬ್ಯುರೇಟರಿನೊಳಗೆ ‘ಫಟ್’ ಎಂದು ಸಿಡಿಯುತ್ತದೆ. ದೋಷ ಕಾರ್ಬ್ಯುರೇಟರಿನದೆಂದು ತಿಳಿದು ಅದನ್ನು ಬಿಚ್ಚಲು ಹೊರಡುವುದು ಸುಲಭ.

ಅದಕ್ಕೆ ಮೊದಲು ಇಗ್ನಿಷನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಎಂಜಿನ್ನನ್ನು ಹ್ಯಾಂಡಲ್‌ನಿಂದ ತುಸು ತಿರುಗಿಸಬೇಕು. ರೋಟರ್ ಹೊರಳುವ ಕಡೆಗೇ ಸರದಿಯನ್ನು ಎಣಿಸಬೇಕು.